ಎಂಟು ಮೂಲೆಗೆ ನೀರು

ಮಸ್ಕಿ, ಹೊರಡುವ ಮುನ್ನ

ರಂಗೂನಿನಲ್ಲಿ ನಾನು ಇದ್ದದ್ದು ಎಂಟು ತಿಂಗಳು ಹನ್ನೊಂದು ದಿನ. ಅದರಲ್ಲಿ ಮಳೆ ಬಿದ್ದ ದಿನಗಳು ಎಪ್ಪತ್ತೆಂಟು. ನಮ್ಮ ಕಾಕಾ ‘ನಾಳೆ’ ಎಂದದ್ದು ನಲವತ್ತೊಂದು ಸಲ. ಊರಿಗೆ ಮರಳಿದ ಮೇಲೆ ಎಲ್ಲರೂ ಕೇಳುವುದು ಅಲ್ಲಿಯ ಬಂಗಾರದ ಗೋಪುರದ ಸಂಗತಿ. ಅದನ್ನೂ ಹೇಳುತ್ತೇನೆ. ಆದರೆ ನಾನು ಸಮುದ್ರ ದಾಟಿದ್ದು ಗೋಪುರ ನೋಡಲು ಅಲ್ಲ, ಒಂದು ಕಾಗದ ತರಲು.

ಕಾಕಾ, ಎಂದರೆ ಅಪ್ಪನ ತಮ್ಮ ಬಸಲಿಂಗಪ್ಪ, ನಾನು ನಾಲ್ಕು ವರ್ಷದವನಿದ್ದಾಗ ಕೆಲಸ ಹುಡುಕಿಕೊಂಡು ರಂಗೂನಿಗೆ ಹೋದವನು. ಆಗ ಅವನ ಮದುವೆಯಾಗಿ ಒಂದು ವರ್ಷವಾಗಿತ್ತು. ಯುದ್ಧ ಬಂತು, ಕಾಗದ ನಿಂತವು. ಸತ್ತಿರಬೇಕೆಂದು ಎಲ್ಲರೂ ನಂಬಿದರು. ಹತ್ತು ವರ್ಷಗಳ ಮೇಲೆ, ಅವನ ಹೆಂಡತಿ, ನಮ್ಮ ಚಿಗವ್ವ ನೀಲವ್ವನಿಗೆ ಮುದಗಲ್ಲಿನ ಶಿವಣ್ಣನ ಜೊತೆ ಉಡಿಕೆ ಮಾಡುವುದೆಂದು ಹಿರಿಯರು ಮಾತಾಡಿದರು. ಉಡಿಕೆ ಎಂದರೆ ಗಂಡನಿಲ್ಲದವಳ ಎರಡನೆಯ ಮದುವೆ. ಶಿವಣ್ಣ ಹೆಂಡತಿ ಸತ್ತವನು, ಕೋಟೆ ಬಾಗಿಲ ಹತ್ತಿರ ಹೊಲಿಗೆ ಯಂತ್ರ ಇಟ್ಟುಕೊಂಡವನು. ಸೀರೆ ಕೂಡ ಬಂದಿತ್ತು. ಅದೇ ವಾರ ರಂಗೂನಿನಿಂದ ಮೂರು ಸಾಲಿನ ಕಾಗದ ಬಂತು: ‘ನಾನು ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ.’

ಗಂಡ ಬದುಕಿದ್ದಾನೆ. ಹಿರಿಯರು ಉಡಿಕೆ ನಿಲ್ಲಿಸಿದರು. ಬಿಟ್ಟಿದ್ದೇನೆ ಎಂದು ಅವನು ಸೋಡಚೀಟಿ ಬರೆದುಕೊಟ್ಟರೆ ಮಾತ್ರ ಮುಂದಿನ ಮಾತು ಎಂದರು. ಮೂರು ಸಲ ಬರೆದು ಕೇಳಿದೆವು. ಕಾಕಾನ ಉತ್ತರಗಳಲ್ಲಿ ಮಳೆ, ಅಕ್ಕಿ, ಕ್ಷೇಮ ಎಲ್ಲ ಇರುತ್ತಿದ್ದವು, ಅದೊಂದು ಇರುತ್ತಿರಲಿಲ್ಲ.

ನಾನು ಆಗ ಲಿಂಗಸುಗೂರಿನ ಕಚೇರಿಯಲ್ಲಿ ನಕಲು ಬರೆಯುವ ಉಮೇದುವಾರ. ಸಂಬಳವಿಲ್ಲದ ನೌಕರಿಯಾದ್ದರಿಂದ ಬಿಟ್ಟು ಹೋದರೆ ತಡೆಯುವವರಿರಲಿಲ್ಲ.

ಹೊರಡುವ ಮುಂಜಾನೆ ಚಿಗವ್ವ ಜೋಳದ ರೊಟ್ಟಿಯ ಗಂಟು ಕೊಟ್ಟು ಹೇಳಿದಳು: “ಶರಣ್ಯಾ, ಕರಕೊಂಡು ಬಾ ಅನ್ನಂಗಿಲ್ಲ ನಾ. ಅಳಬ್ಯಾಡ, ಬೈಬ್ಯಾಡ. ಚೀಟಿ ಬರಸ್ಕೊಂಡು ಬಾ.”

“ಬರೀದಿದ್ರ?”

“ಬರಿಯೋತನ ಅವನ ಮನಿ ಉಣ್ಣು. ನಿನಗ ಉಣ್ಣಾಕ ಹೇಳಿಕೊಡಬೇಕೇನು?”

ಅಪ್ಪ ಬಸ್ಸಿನವರೆಗೆ ಬಂದ. “ನಿನಗ ಅವನ ಮಾರಿ ನೆನಪಿಲ್ಲ. ಬಲಗೈ ಹೆಬ್ಬೆಟ್ಟಿನ ಮ್ಯಾಲ ಓರೆ ಗಾಯ ಐತಿ. ಅದನ್ನ ನೋಡಿ ಗುರುತ ಹಿಡಿ,” ಎಂದ.

ಹಡಗು, ಐದನೆಯ ದಿನ

ಮದರಾಸು ಬಿಟ್ಟ ಮೇಲೆ ನಾಲ್ಕು ದಿನ ಬೇರೆ ಕೆಲಸವಿಲ್ಲದೆ ವಾಂತಿಗಳನ್ನು ಎಣಿಸಿದೆ. ಐದನೆಯ ದಿನ ಬೆಳಿಗ್ಗೆ ನೀರಿನ ಬಣ್ಣ ಬದಲಾಯಿತು. ನೀಲಿ ಹೋಗಿ ಹಸಿರು, ಹಸಿರು ಹೋಗಿ ನಮ್ಮ ಕೆಮ್ಮಣ್ಣಿನ ಹಳ್ಳದ ಬಣ್ಣ. ಸಮುದ್ರ ಯಾವಾಗ ಮುಗಿಯಿತು, ಹೊಳೆ ಯಾವಾಗ ಶುರುವಾಯಿತು, ಯಾರಿಗೂ ತಿಳಿಯಲಿಲ್ಲ. ಎರಡೂ ಕಡೆ ಭತ್ತದ ಗದ್ದೆಗಳು, ನೆಲಕ್ಕೆ ಸಮನಾಗಿ, ಕಣ್ಣು ಸೋಲುವವರೆಗೆ. ನಮ್ಮ ಸಿಂಧನೂರಿನ ಕಡೆ ಕಾಲುವೆಯ ನೀರು ಆಗಷ್ಟೇ ಬಂದಿತ್ತು. ಗೊರೇಬಾಳದ ರೈತರು ಮೊದಲ ಸಲ ಭತ್ತ ನೆಟ್ಟು, ಮಗುವನ್ನು ನೋಡಿದ ಹಾಗೆ ಬದುವಿನ ಮೇಲೆ ಕೂತು ನೋಡುತ್ತಿದ್ದರು. ಇಲ್ಲಿ ಗದ್ದೆಗಳನ್ನು ನೋಡುವವರೇ ಇರಲಿಲ್ಲ. ಮಳೆಯಲ್ಲಿ ಒಂದು ಎಮ್ಮೆ ಮಾತ್ರ ನಿಂತಿತ್ತು, ಅದರ ಬೆನ್ನ ಮೇಲೆ ಒಂದು ಬೆಳ್ಳಕ್ಕಿ.

ಆಮೇಲೆ ದೂರದಲ್ಲಿ, ಮೋಡದ ಕೆಳಗೆ, ಬಂಗಾರದ ಒಂದು ಗಂಟೆ ಬೋರಲಾಗಿ ಇಟ್ಟಂತೆ ಕಾಣಿಸಿತು. ಹೊಳೆ ತಿರುಗಿದಾಗ ಅದು ಎಡಕ್ಕೆ ಹೋಯಿತು. ಮತ್ತೆ ತಿರುಗಿದಾಗ ಬಲಕ್ಕೆ ಬಂತು. ನಾವು ಅದರ ಕಡೆಗೆ ಹೋಗುತ್ತಿದ್ದೇವೋ, ಅದೇ ನಮ್ಮ ಸುತ್ತ ನಡೆದಾಡುತ್ತಿದೆಯೋ ಎನಿಸಿತು. ಒಂಬತ್ತು ಸಲ ದಿಕ್ಕು ಬದಲಿಸಿದ ಮೇಲೆ ಎಣಿಸುವುದನ್ನು ಬಿಟ್ಟೆ.

ಹಡಗುಕಟ್ಟೆಯಲ್ಲಿ ಲುಂಗಿ ಉಟ್ಟ ನೂರಾರು ಗಂಡಸರು. ಒಬ್ಬ ಕೈಯೆತ್ತಿ ಹೆಬ್ಬೆಟ್ಟು ತೋರಿಸಿದ. ಬೆರಳು ಪೂರ್ತಿ ಕಪ್ಪು. ಆ ಕಪ್ಪಿನ ನಡುವೆ ಓರೆಯಾಗಿ ಬಿಳಿ ಗೆರೆ.

“ಅಣ್ಣ ಇದನ್ನ ಹೇಳಿರತಾನ ಅಂತ ಗೊತ್ತಿತ್ತು,” ಎಂದು ಕಾಕಾ ನಕ್ಕ. “ಬಾರಪಾ. ರೊಟ್ಟಿ ತಂದಿಯೇನು?”

ತಂದಿದ್ದೆ. ಬೂಷ್ಟು ಹಿಡಿದಿದ್ದವು. ಕಾಕಾ ಒಂದನ್ನು ಕೈಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು ಉಸಿರೆಳೆದುಕೊಂಡ.

ರಂಗೂನು, ಮಳೆಗಾಲ

ಕಾಕಾ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಮಸಿ ಅವನ ಕೈಯಿಂದ ಎಂದೂ ಹೋಗುತ್ತಿರಲಿಲ್ಲ. ಚಹಾದ ಬಟ್ಟಲಿನ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ, ನನ್ನ ಬಿಳಿ ಅಂಗಿಯ ಹೆಗಲ ಮೇಲೆ, ಎಲ್ಲ ಕಡೆ ಅವನ ಹೆಬ್ಬೆಟ್ಟು.

ಮನೆಯಲ್ಲಿ ಮಾ ಖಿನ್ ಇದ್ದಳು. ಅವಳು ಕಾಕಾನ ಹೆಂಡತಿ. ಒಂಬತ್ತು ವರ್ಷದಿಂದ ಜೊತೆಗಿದ್ದವಳು. ಇದನ್ನು ಕಾಕಾ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಊರಿನಲ್ಲಿ ನೀಲವ್ವ ಇದ್ದಾಳೆಂದು ಮಾ ಖಿನ್‌ಗೂ ಹೇಳಿರಲಿಲ್ಲ. ಚೀಟಿ ಯಾಕೆ ಬರಲಿಲ್ಲ ಎಂಬುದು ಮೊದಲ ದಿನವೇ ತಿಳಿಯಿತು. ಬರೆದರೆ ಇಬ್ಬರಿಗೂ ಒಮ್ಮೆಲೇ ಹೇಳಿದಂತೆ ಆಗುತ್ತಿತ್ತು.

ಮಾ ಖಿನ್‌ಗೆ ಕಾಕಾ ಕಲಿಸಿದ ನಮ್ಮ ಮಾತು ಒಂದೇ: ‘ಉಂಡ್ಯಾ?’ ಅದು ನಮಸ್ಕಾರವೆಂದು ತಿಳಿದು ಬೆಳಿಗ್ಗೆ ಏಳುತ್ತಲೇ ಹೇಳುತ್ತಿದ್ದಳು. ಕೆನ್ನೆಗೆ ಗಂಧದಂಥ ಹಳದಿ ತೊಗಟೆಯನ್ನು ತೇಯ್ದು ಹಚ್ಚಿಕೊಂಡು, ಕೂದಲಲ್ಲಿ ಮಲ್ಲಿಗೆ ಇಟ್ಟುಕೊಂಡು ಅವಳು ಮೀನು ಹುರಿಯುವಾಗ, ಮೀನು ಮುಟ್ಟದ ನಾನು ಅನ್ನಕ್ಕೆ ಊರಿನ ಕಾರಪುಡಿ ಕಲಸಿಕೊಂಡು ಮೂಲೆಗೆ ಕೂಡುತ್ತಿದ್ದೆ. ಮೂರನೆಯ ದಿನದಿಂದ ಅವಳು ನನಗಾಗಿ ಬೇರೆ ಮಡಕೆಯಲ್ಲಿ ಬೇಳೆ ಬೇಯಿಸತೊಡಗಿದಳು. ನಾನು ಕೇಳಿರಲಿಲ್ಲ.

ಆ ಊರಿನ ಬೀದಿಗಳಲ್ಲಿ ನಡೆಯುವುದು ಕನಸಿನಲ್ಲಿ ನಡೆದಂತೆ. ಅವರ ಅಕ್ಷರಗಳು ನಮ್ಮವುಗಳ ಹಾಗೇ ದುಂಡಗೆ. ಅಂಗಡಿಯ ಫಲಕ ಕಣ್ಣಿಗೆ ಬಿದ್ದೊಡನೆ ಓದಿಬಿಡುತ್ತೇನೆ ಎನಿಸುತ್ತದೆ. ತುಟಿ ತೆರೆಯುತ್ತದೆ. ಒಂದು ಅಕ್ಷರವೂ ಬಾಯಿಗೆ ಬರುವುದಿಲ್ಲ. ಮಳೆಯಲ್ಲಿ ಆ ದುಂಡನೆಯ ಅಕ್ಷರಗಳೆಲ್ಲ ಒದ್ದೆಯಾಗಿ ಹೊಳೆಯುತ್ತ, ನನ್ನನ್ನು ಗುರುತು ಹಿಡಿದೂ ಮಾತಾಡಿಸದ ನೆಂಟರ ಹಾಗೆ ನಿಂತಿರುತ್ತಿದ್ದವು.

“ಕಾಕಾ, ಇವನ್ನ ಹೆಂಗ ಕಲ್ತಿ?”

“ಓದಾಕ ಆಮ್ಯಾಲ ಕಲ್ತೆ. ಮೊದಲ ಕೈ ಕಲೀತು.”

“ಕನ್ನಡ ಮರ್ತಿಲ್ಲಲ್ಲ? ಒಂದ್ ಚೀಟಿ ಬರಿಯಾಕ ಬರ್ತೈತಲ್ಲ?”

“ಬರ್ತೈತಪಾ. ಆದ್ರ ಈ ಮೂರು ತಿಂಗಳು ಇಲ್ಲಿ ಸನ್ಯಾಸಿಗಳು ಮಠ ಬಿಟ್ಟು ಹೊರಗ ತಂಗಂಗಿಲ್ಲ, ಯಾರೂ ಮದುವಿ ಮಾಡಂಗಿಲ್ಲ, ಮನಿ ಬದಲಿ ಮಾಡಂಗಿಲ್ಲ. ಮಳಿ ನಿಲ್ಲಲಿ.”

“ಮದುವಿ ಮಾಡಂಗಿಲ್ಲ ಸರಿ. ಬಿಡಾಕೂ ಬರಂಗಿಲ್ಲೇನು?”

“ನೀ ಕಚೇರಿ ಸೇರಿದ ಮ್ಯಾಲ ಭಾಳ ಕಾನೂನು ಮಾತಾಡಾಕತ್ತಿ. ನಾಳೆ ನೋಡೂಣು,” ಎಂದು ಕಾಕಾ ಕೊಡೆ ಬಿಚ್ಚಿಕೊಂಡು ಹೋದ. ಅದು ಏಳನೆಯ ‘ನಾಳೆ.’

ಛಾಪಖಾನೆಗೆ ಧರ್ಮಗ್ರಂಥದ ಕರಡು ತಿದ್ದಲು ಒಬ್ಬ ಮುದುಕ ಸನ್ಯಾಸಿ ಬರುತ್ತಿದ್ದರು. ಬುದ್ಧನಿಂದ ಎರಡೂವರೆ ಸಾವಿರ ವರ್ಷ ತುಂಬುತ್ತದೆಂದು ಇಡೀ ದೇಶ ಗ್ರಂಥಗಳನ್ನು ತಿದ್ದಿ ಅಚ್ಚು ಹಾಕುತ್ತಿತ್ತು. ನನ್ನ ಊರು ಯಾವುದೆಂದು ಕೇಳಿ, ಅಶೋಕನ ಹೆಸರು ಕೊರೆದ ಬಂಡೆ ಇರುವ ಊರೆಂದು ಕಾಕಾ ಹೇಳಿದಾಗ, ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆ ಬಂಡೆ ಎಷ್ಟು ಎತ್ತರ, ಎಷ್ಟು ಸಾಲು, ಅಕ್ಷರದ ಆಳವೆಷ್ಟು ಎಂದು ಕೇಳಿದರು. ಮಳೆಯ ದಿನಗಳನ್ನೂ ವಾಂತಿಗಳನ್ನೂ ಎಣಿಸಿದ ನಾನು ಅದನ್ನು ಎಣಿಸಿರಲಿಲ್ಲ. ಹುಡುಗರಿದ್ದಾಗ ಆ ಗುಡ್ಡದಲ್ಲಿ ಕೂತು ಸೀತಾಫಲ ತಿಂದದ್ದಷ್ಟೇ ನೆನಪು. ಅದನ್ನೇ ಹೇಳಿದೆ. ಸನ್ಯಾಸಿ ತಲೆಯಾಡಿಸಿ, ಹಣ್ಣು ಸಿಹಿಯಾಗಿತ್ತೇ ಎಂದು ಕೇಳಿದರು.

ರಂಗೂನು, ದೀಪಗಳ ತಿಂಗಳು

ಮಳೆ ನಿಂತ ಹುಣ್ಣಿಮೆಗೆ ಮನೆಮನೆಯ ಮುಂದೆ ದೀಪ. ನಮ್ಮ ದೀಪಾವಳಿ ಅಮಾವಾಸ್ಯೆಯಲ್ಲಿ ಕತ್ತಲೆಯ ವಿರುದ್ಧ ಹಚ್ಚುವುದು; ಇವರು ಬೆಳದಿಂಗಳಿಗೆ ಜೊತೆಯಾಗಿ ಹಚ್ಚುತ್ತಾರೆ. ನಮ್ಮ ಓಣಿಯಲ್ಲಿ ಎಣಿಸಿದೆ, ಇನ್ನೂರ ಆರು ದೀಪ. ಇನ್ನೂರ ಏಳನೆಯದು ಚಂದ್ರ ಎಂದು ದಿನಚರಿಯಲ್ಲಿ ಬರೆದು, ಆಮೇಲೆ ನಾಚಿಕೆಯಾಗಿ ಹೊಡೆದುಹಾಕಿದೆ.

ಅಂದು ಕಿರಿಯರು ಹಿರಿಯರ ಮುಂದೆ ಮೊಣಕಾಲೂರಿ, ವರ್ಷದಲ್ಲಿ ಮೈಯಿಂದ, ಮಾತಿನಿಂದ, ಮನಸ್ಸಿನಿಂದ ಮಾಡಿದ ತಪ್ಪು ಮನ್ನಿಸಿ ಎಂದು ಕೇಳುತ್ತಾರೆ. ಮಾ ಖಿನ್ ತನ್ನ ತಾಯಿಯ ಮುಂದೆ ಬಾಗಿದಳು. ಪಕ್ಕದಲ್ಲಿ ಕಾಕಾನೂ ಬಾಗಿದ. ಎಲ್ಲರೂ ಎದ್ದರು. ಕಾಕಾ ಏಳಲಿಲ್ಲ. ಹಣೆ ಚಾಪೆಗೆ ತಾಗಿಸಿಕೊಂಡೇ ಇದ್ದ. ಅತ್ತೆ ನಕ್ಕು ಏನೋ ಅಂದಳು. ಎಲ್ಲರೂ ನಕ್ಕರು.

“ಏನಂದ್ಳು ಕಾಕಾ?” ಎಂದು ಆಮೇಲೆ ಕೇಳಿದೆ.

“ಅಷ್ಟು ಏನ್ ತಪ್ಪು ಮಾಡಿಯಪಾ ನೀನು, ಅಂದ್ಳು.”

ಅಂದೇ ಹೇಳಿಬಿಡುತ್ತಾನೆ ಎಂದುಕೊಂಡಿದ್ದೆ. ದಿನಚರಿಯಲ್ಲಿ ಅಂದಿನ ಲೆಕ್ಕ: ದೀಪ ಇನ್ನೂರ ಆರು, ನಾಳೆ ಇಪ್ಪತ್ತಮೂರು.

ರಂಗೂನು, ಚಳಿಯ ದಿನಗಳು

ಚಳಿ ಎಂದರೆ ಬೆಳಗಿನ ಮಂಜು. ಅದರೊಳಗಿಂದ ಕಾವಿ ಬಟ್ಟೆಯ ಸಾಲು ಸದ್ದಿಲ್ಲದೆ ಬಂದು, ಪ್ರತಿ ಬಾಗಿಲಲ್ಲೂ ಬಟ್ಟಲು ತೆರೆದು, ಸದ್ದಿಲ್ಲದೆ ಕರಗುತ್ತಿತ್ತು. ನಮ್ಮಲ್ಲಿ ಜಂಗಮರು ಭಿಕ್ಷೆಗೆ ಬಂದರೆ ಗಂಟೆಯ ಸದ್ದು ಮೊದಲು ಬರುತ್ತದೆ. ಇಲ್ಲಿ ಅನ್ನದ ಹಬೆಯೇ ಸದ್ದು.

ಸ್ವಾತಂತ್ರ್ಯದ ದಿನ ಬಂದು ಹೋಯಿತು. ಆಮೇಲೆ ಚುನಾವಣೆ ಬರುತ್ತದೆಂದು ಗೋಡೆಗಳ ಮೇಲೆ ಮುಖಗಳು ಹತ್ತಿದವು. ಹಳೆಯ ಮುಖದ ಮೇಲೆ ಹೊಸ ಮುಖ ಅಂಟಿಸಿ, ಒಬ್ಬನ ಕಣ್ಣು ಇನ್ನೊಬ್ಬನ ಹಣೆಯಲ್ಲಿ ಇಣುಕುತ್ತಿತ್ತು. ಚಹಾದಂಗಡಿಯಲ್ಲಿ ಬಿಟ್ಟಿ ಸಿಗುವ ಹಸಿರು ಚಹಾ ಕುಡಿಯುತ್ತ ಗಂಡಸರು ದೇಶವನ್ನು ಮೇಜಿನ ಮೇಲೆ ಹರಡಿಕೊಂಡು ಜಗಳಾಡುತ್ತಿದ್ದರು. ಹೊರಗಿನಿಂದ ಬಂದವರು ಈ ದೇಶದವರಾಗುತ್ತಾರೋ ಇಲ್ಲವೋ ಎಂಬುದೂ ಆ ಮಾತುಗಳಲ್ಲಿ ಒಂದು. ನಮ್ಮಲ್ಲೂ ಅದೇ ವರ್ಷ, ಹೈದರಾಬಾದು ಒಡೆದರೆ ನಾವು ಯಾವ ರಾಜ್ಯಕ್ಕೆ ಹೋಗುತ್ತೇವೆ ಎಂದು ಲಿಂಗಸುಗೂರಿನ ಹೋಟೆಲಿನಲ್ಲಿ ಇದೇ ಧ್ವನಿಯಲ್ಲಿ ವಾದ ನಡೆದಿರಬೇಕು.

ಕಾಕಾ ಅಲ್ಲಿಯ ಪ್ರಜೆಯಾಗಲು ಅರ್ಜಿ ತಂದ. ಎಲ್ಲ ತುಂಬಿದ, ಒಂದು ಸಾಲು ಬಿಟ್ಟ. ಆರು ದಿನ ಅದು ಮೇಜಿನ ಮೇಲೆ ಹಾಗೇ ಇತ್ತು. ಏಳನೆಯ ದಿನ ಮಾ ಖಿನ್ ಆ ಸಾಲಿನ ಮೇಲೆ ಬೆರಳಿಟ್ಟು ಏನೋ ಕೇಳಿದಳು. ಕಾಕಾ ನನ್ನ ಕಡೆ ನೋಡಿದ.

“ಇದರಾಗ ಹೆಂಡತಿ ಹೆಸರು ಬರೀಬೇಕು,” ಎಂದ. “ಆಕಿ ಕೇಳಾಕತ್ತಾಳ, ನನ್ನ ಹೆಸರು ಬರಿಯಾಕ ಮರ್ತಿಯೇನು ಅಂತ.”

“ಹೇಳು ಕಾಕಾ,” ಎಂದೆ. “ಇಲ್ಲಾಂದ್ರ ನಾ ಊರಿಗೆ ಹೋಗಿ ಚಿಗವ್ವಗ ಏನ್ ಹೇಳ್ಲಿ?”

ಕಾಕಾ ಹೇಳಿದ. ಅವರ ಮಾತಿನಲ್ಲಿ, ನಿಧಾನವಾಗಿ, ಮೊಳೆ ಜೋಡಿಸುವವನ ಹಾಗೆ ಒಂದೊಂದೇ. ನಡುವೆ ‘ನೀಲವ್ವ’ ಎಂಬುದು ಮಾತ್ರ ನನಗೆ ತಿಳಿಯಿತು. ಮಾ ಖಿನ್ ಅಳಲಿಲ್ಲ. ಒಲೆಯ ಮೇಲಿನ ಬೇಳೆ ಇಳಿಸಿ, ನನಗೆ ಬಡಿಸಿ, ಚಪ್ಪಲಿ ಮೆಟ್ಟಿಕೊಂಡು ತಾಯಿಯ ಮನೆಗೆ ಹೋದಳು. ಮೂರು ದಿನ ಬರಲಿಲ್ಲ. ಕಾಕಾ ಮಾಡಿದ ಅನ್ನ ಮೂರು ದಿನವೂ ತಳ ಹತ್ತಿತು.

ನಾಲ್ಕನೆಯ ಬೆಳಿಗ್ಗೆ ಬಾಗಿಲಲ್ಲಿ “ಉಂಡ್ಯಾ?” ಎಂಬ ಧ್ವನಿ. ಒಳಗೆ ಬಂದು ಕೂತು ಕಾಕಾನಿಗೆ ಒಂದು ಪ್ರಶ್ನೆ ಕೇಳಿದಳು. ಅವನು ಉತ್ತರ ಹೇಳಲಾರದೆ ನನಗೆ ದಾಟಿಸಿದ.

“ನೀಲವ್ವ ಹುಟ್ಟಿದ್ದು ಯಾವ ವಾರ?”

ಬಂಗಾರದ ಗೋಪುರದ ಸುತ್ತ ಎಂಟು ಮೂಲೆಗಳಿವೆ. ಒಂದೊಂದು ವಾರಕ್ಕೆ ಒಂದು ಮೂಲೆ. ಬುಧವಾರಕ್ಕೆ ಮಾತ್ರ ಮುಂಜಾನೆಯದು ಬೇರೆ, ಸಂಜೆಯದು ಬೇರೆ. ತಾವು ಹುಟ್ಟಿದ ವಾರದ ಮೂಲೆಗೆ ಹೋಗಿ ಅಲ್ಲಿಯ ಬುದ್ಧನಿಗೆ ಬಟ್ಟಲಿನಿಂದ ನೀರೆರೆಯುವುದು ಅಲ್ಲಿಯ ರೂಢಿ. ಮಾ ಖಿನ್ ಚಿಗವ್ವನ ಹೆಸರಿನಲ್ಲಿ ಎರೆಯಬೇಕೆಂದಿದ್ದಳು.

ಗಂಡನಿಗೆ ಗೊತ್ತಿರಲಿಲ್ಲ. ತಾರೀಖು ಬರೆದಿಡುವ ನನಗೂ ಗೊತ್ತಿರಲಿಲ್ಲ. ಮಾ ಖಿನ್ ನಮ್ಮಿಬ್ಬರನ್ನೂ ಒಂದೇ ದೃಷ್ಟಿಯಲ್ಲಿ ಅಳೆದಳು.

ಅಂದು ಮೂವರೂ ಬರಿಗಾಲಲ್ಲಿ ಗೋಪುರಕ್ಕೆ ಹೋದೆವು. ಬಿಸಿಲಿಗೆ ಅದು ಕರಗಿ ಸುರಿಯುವ ಹಾಗೆ ಕಾಣುತ್ತಿತ್ತು, ಆದರೆ ಕಾಲ ಕೆಳಗಿನ ಕಲ್ಲು ತಣ್ಣಗಿತ್ತು. ಮಾ ಖಿನ್ ಎಂಟೂ ಮೂಲೆಗೆ ಹೋದಳು. ಪ್ರತಿ ಮೂಲೆಯಲ್ಲೂ ಐದು ಬಟ್ಟಲು. ನಲವತ್ತು ಬಟ್ಟಲು ನೀರು. ಪ್ರತಿ ಸಲವೂ ‘ನೀಲವ್ವ’ ಅಂದಳು. ಕಾಕಾ ಅವಳ ಹಿಂದೆ ಕೊಡ ಹಿಡಿದು ನಡೆದ.

ಮನೆಗೆ ಬಂದ ಮೇಲೆ ಕಾಕಾ ಅರ್ಜಿಯ ಖಾಲಿ ಸಾಲಿನಲ್ಲಿ ಮಾ ಖಿನ್‌ನ ಹೆಸರು ತುಂಬಿದ. ಆದರೆ ಚೀಟಿಗೆ ಮತ್ತೂ ದಿನಗಳು ಹೋದವು. ನಲವತ್ತೊಂದನೆಯ ‘ನಾಳೆ’ಯ ಮರುದಿನ ನನ್ನ ಪೆನ್ನು ತೆಗೆದುಕೊಂಡು ಕೂತ. ಹದಿನೆಂಟು ವರ್ಷ ಪರದೇಶದಲ್ಲಿದ್ದವನ ಕನ್ನಡ. ನಮ್ಮ ಅಕ್ಷರಗಳು ಅವನ ಕೈಯಲ್ಲಿ ಅವರ ಅಕ್ಷರಗಳ ಹಾಗೆ ಪೂರ್ತಿ ದುಂಡಗಾಗಿದ್ದವು. ‘ನೀಲವ್ವಳನ್ನು ನಾನು ಬಿಟ್ಟಿದ್ದೇನೆ. ಅವಳು ತನಗೆ ಬೇಕಾದವನ ಜೊತೆ ಉಡಿಕೆಯಾಗಲು ನನ್ನ ತಕರಾರಿಲ್ಲ. ತಪ್ಪು ನನ್ನದು.’ ಸಹಿ ಮಾಡಿ, ಹಾಳೆ ಎತ್ತಿ ಕೊಡುವಾಗ ಕೆಳಗಿನ ಮೂಲೆಯಲ್ಲಿ ಅವನ ಮಸಿ ಹೆಬ್ಬೆಟ್ಟು ಮೂಡಿತು.

“ಕಾಕಾ, ಕೆಡಿಸಿದಿ! ಓದು ಬಾರದವರ ಕಾಗದ ಆದಂಗಾತು. ಇನ್ನೊಂದು ಹಾಳಿ ಮ್ಯಾಲ ಬರಿ.”

“ಇನ್ನೊಂದ್ ಸಲ ಬರಿಯಾಕ ನನ್ನಿಂದ ಆಗಂಗಿಲ್ಲೋ,” ಎಂದ ಕಾಕಾ. “ಇರಲಿ ಬಿಡು.”

ನಾನು ಅಭ್ಯಾಸದಂತೆ ದಿನಚರಿಯಲ್ಲಿ ಅದರ ನಕಲು ಬರೆದುಕೊಂಡೆ.

ರಂಗೂನು, ಅವರ ಹೊಸವರ್ಷದ ನೀರು

ನನ್ನ ಹಡಗು ಹೊರಟದ್ದು ಅವರ ನೀರಿನ ಹಬ್ಬದ ಮೊದಲ ದಿನ. ಹಳೆಯ ವರ್ಷವನ್ನು ತೊಳೆದು ಕಳಿಸಲು ಇಡೀ ಊರು ಪರಸ್ಪರ ನೀರೆರಚುತ್ತದೆ. ಪೊಲೀಸನನ್ನೂ ಬಿಡುವುದಿಲ್ಲ. ಚುನಾವಣೆಯ ಮುಖಗಳೆಲ್ಲ ಗೋಡೆಯಿಂದ ಕಳಚಿ ಕಾಲಡಿ ಬಿದ್ದಿದ್ದವು.

ನಾನು ದಿನಚರಿಯನ್ನು ಮೇಣಬಟ್ಟೆಯಲ್ಲಿ ಸುತ್ತಿದ್ದೆ. ಚೀಟಿ ಮಾತ್ರ ಅಂಗಿಯ ಎದೆಯ ಕಿಸೆಯಲ್ಲಿ. ಅದನ್ನು ಮೈಯಿಂದ ಅಗಲಿಸಬಾರದೆಂದು ಅಪ್ಪ ಹೇಳಿಕಳಿಸಿದ್ದ. ಕೊಡೆಯನ್ನು ಗುರಾಣಿಯಂತೆ ಹಿಡಿದು ಸಂದಿಗಳಲ್ಲಿ ನುಸುಳಿದೆ. ಹಡಗುಕಟ್ಟೆಯವರೆಗೆ ಹದಿನೇಳು ಸಲ ತಪ್ಪಿಸಿಕೊಂಡೆ. ಜೊತೆಗೆ ಬಂದ ಕಾಕಾ ತೊಯ್ದು ತೊಪ್ಪೆಯಾಗಿ, “ಕಚೇರಿ ಮನಷ್ಯಾ, ಹನಿನೂ ತಾಗಿಸ್ಕೊಳ್ಳಲಿಲ್ಲಲ್ಲೋ!” ಎಂದು ಹಂಗಿಸಿದ.

ಕಟ್ಟೆಯ ಮೇಲೆ ಕೊಡೆ ಮಡಿಚಿ, ಇಬ್ಬರಿಗೂ ನಮಸ್ಕರಿಸಿದೆ. ಬಾಗಿದಾಗ ಮಾ ಖಿನ್ ಬುಟ್ಟಿಯಿಂದ ಬೆಳ್ಳಿಯ ಬಟ್ಟಲು ತೆಗೆದಳು. ನೇರಳೆಯಂಥ ಎಲೆಯ ಚಿಗುರನ್ನು ಅದ್ದಿ ನನ್ನ ತಲೆಗೆ ಮುಟ್ಟಿಸಿ, ಉಳಿದ ನೀರನ್ನು ಭುಜದ ಮೇಲೆ ಮೆಲ್ಲಗೆ ಸುರಿದಳು. ಎರಚಲಿಲ್ಲ, ಎರೆದಳು, ಆ ಎಂಟು ಮೂಲೆಗಳಲ್ಲಿ ಎರೆದ ಹಾಗೇ. ನೀರಿಗೆ ಮಲ್ಲಿಗೆಯ ವಾಸನೆ ಇತ್ತು. ಅದು ಕತ್ತಿನಿಂದ ಎದೆಗಿಳಿದಾಗ, ಎಂಟು ತಿಂಗಳ ಸೆಕೆಯೆಲ್ಲ ಒಮ್ಮೆಗೇ ಆರಿದಂತಾಯಿತು. ಕಣ್ಣು ಮುಚ್ಚಿ ನಿಂತೆ. ಚೀಟಿ ನೆನಪಾಗಲಿಲ್ಲ.

ನೆನಪಾದದ್ದು ಹಡಗು ಹೊಳೆಯ ಒಂದು ತಿರುವಿನಲ್ಲಿದ್ದಾಗ. ಕಿಸೆಯ ಮೇಲೆ ನೀಲಿ ಕಲೆ ಹರಡುತ್ತಿತ್ತು. ಹಾಳೆ ಬಿಚ್ಚಿದೆ. ಅಕ್ಷರಗಳು ಒಂದೂ ಇರಲಿಲ್ಲ. ಬೆಳಗಿನ ಆಕಾಶದಂಥ ತಿಳಿನೀಲಿ. ಅದರ ಮೂಲೆಯಲ್ಲಿ, ನೀರಿಗೆ ಕರಗದ ಅಚ್ಚಿನ ಮಸಿಯ ಕರಿ ಹೆಬ್ಬೆಟ್ಟು. ಬಂಗಾರದ ಗೋಪುರ ಬಲಕ್ಕೆ ಹೋಯಿತು, ಎಡಕ್ಕೆ ಬಂತು. ಈ ಸಲ ಒಂದು ತಿರುವನ್ನೂ ಎಣಿಸಲಿಲ್ಲ.

ಮಸ್ಕಿ, ಮರಳಿ

ಓಣಿಯ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂತರು. ಮುದಗಲ್ಲಿನಿಂದ ಶಿವಣ್ಣ ಬಂದು ಕಂಬಕ್ಕೆ ಒರಗಿ ನಿಂತಿದ್ದ. ಕತ್ತಿನಲ್ಲಿ ಅಳತೆಯ ಪಟ್ಟಿ ಹಾಗೇ ಇತ್ತು, ತೆಗೆಯಲು ಮರೆತಿದ್ದ. ನಾನು ನೀಲಿ ಹಾಳೆಯನ್ನೂ ದಿನಚರಿಯನ್ನೂ ಮುಂದಿಟ್ಟು, ನಡೆದದ್ದನ್ನು ಹೇಳಿದೆ.

ದೊಡ್ಡಗೌಡರು ಹಾಳೆಯನ್ನು ತಿರುವಿ ಮುರುವಿ ನೋಡಿದರು. “ಸಮುದ್ರ ದಾಟಿ ತೊಳದ ಕಾಗದ ತಂದಿಯೇನಲೇ? ನಮ್ಮ ಗುಡ್ಡದಾಗ ರಾಜ ಬರಸ್ಯಾನ ನೋಡು, ಹಂಗ ಕಲ್ಲಿನ ಮ್ಯಾಲ ಬರಸ್ಕೊಂಡು ಬರಬೇಕಿತ್ತು.”

ಎಲ್ಲರೂ ನಕ್ಕರು. ಶಿವಣ್ಣ ನಗಲಿಲ್ಲ.

“ನಕಲು ಐತ್ರಿ ಗೌಡ್ರ. ಅಕ್ಷರಕ್ಕ ಅಕ್ಷರ ಬರಕೊಂಡೀನಿ.”

“ನಕಲು ಯಾರು ಬೇಕಾದ್ರೂ ಬರೀತಾರ. ಅಸಲು ಎಲ್ಲೈತಿ?”

ನಾನು ನೀಲಿ ಹಾಳೆಯನ್ನೇ ಮತ್ತೆ ಮುಂದೆ ಸರಿಸಿದೆ. ಆಗ ಒಳಬಾಗಿಲಿನಿಂದ ಚಿಗವ್ವ ಬಂದಳು. ಸೆರಗು ಸರಿಪಡಿಸಿಕೊಂಡು, ಯಾರನ್ನೂ ಕೇಳದೆ ಹಾಳೆ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಕರಿ ಹೆಬ್ಬೆಟ್ಟಿನ ನಡುವೆ ಓರೆಯಾಗಿ ಬಿಳಿ ಗೆರೆ.

“ಇದು ಆತಂದ,” ಎಂದಳು. “ಜೋಳ ಕೊಯ್ಯೋ ಮುಂದ ಕುಡಗೋಲು ಬಡೀತು. ಅರಿಶಿಣ ಹಚ್ಚಿ ನಾನ ಕಟ್ಟಿದ್ದೆ. ಯಾರ ಹೊಲದಾಗ ಅಂತ ಗೌಡ್ರನ್ನ ಕೇಳ್ರಿ.”

ಗೌಡರು ಹಾಳೆಯನ್ನು ಮತ್ತೆ ತೆಗೆದುಕೊಂಡರು. ಬಿಳಿ ಗೆರೆಯ ಮೇಲೆ ಬೆರಳಾಡಿಸಿದರು.

“ನನ್ನ ಹೊಲದಾಗ,” ಎಂದರು ಕೊನೆಗೆ. “ಆ ರಕ್ತ ನೋಡಿ ನಾನ ಕುಂತುಬಿಟ್ಟಿದ್ದೆ.” ಆಮೇಲೆ ನನಗೆ, “ಓದೋ, ನಿನ್ನ ನಕಲು,” ಎಂದರು.

ಓದಿದೆ. ‘ತಪ್ಪು ನನ್ನದು’ ಎಂಬವರೆಗೆ, ಒಂದಕ್ಷರ ಬಿಡದೆ. ಹಿರಿಯರು ಒಪ್ಪಿದರು. ಬರುವ ಸೋಮವಾರ ಉಡಿಕೆ ಎಂದು ನಿಶ್ಚಯವಾಯಿತು. ಶಿವಣ್ಣ ಆಗ ಕತ್ತಿನ ಪಟ್ಟಿಯನ್ನು ತೆಗೆದು ಸುತ್ತಿ ಕಿಸೆಗೆ ಹಾಕಿಕೊಂಡ.

ಮಂದಿ ಹೋದ ಮೇಲೆ ಚಿಗವ್ವ ನನ್ನ ಮುಂದೆ ತಾಟು ಇಟ್ಟು ಕೂತಳು.

“ನೀರು ಹಾಕಿದಾಕಿ ಹೆಸರೇನಂದಿ?”

“ಮಾ ಖಿನ್.”

“ತಣ್ಣಗಿತ್ತೇನು ನೀರು?”

“ತಣ್ಣಗಿತ್ತು ಚಿಗವ್ವ.” ಆಮೇಲೆ ಗೋಪುರದ ಎಂಟು ಮೂಲೆಗಳ ಸಂಗತಿ ಹೇಳಿದೆ. ನಲವತ್ತು ಬಟ್ಟಲು ಎಂದೆ. “ಕಾಕಾಗ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನೀ ಹುಟ್ಟಿದ್ದು ಯಾವ ವಾರ?”

ಚಿಗವ್ವ ರೊಟ್ಟಿ ಮುರಿದು ನನ್ನ ತಾಟಿಗೆ ಹಾಕಿದಳು.

“ನನಗೂ ಗೊತ್ತಿಲ್ಲೋ. ಯಾರು ಬರದಿಟ್ಟಾರ? ಎಲ್ಲಾ ಮೂಲಿಗೂ ಹಾಕಿದ್ದು ಚಲೋ ಆತು.” ಎದ್ದು ಒಳಗೆ ಹೋಗುತ್ತಿದ್ದವಳು ಬಾಗಿಲಲ್ಲಿ ತಿರುಗಿ ನಿಂತಳು. “ಆಕಿಗೆ ಕಾಗದ ಬರೀತಿಯಲ್ಲ? ನಾ ಹುಟ್ಟಿದ್ದು ಸೋಮವಾರ ಅಂತ ಬರಿ.”